ಕಾಲಿಗೆ ಚಳಿ, ಬೆರಳಿಗೆ ಬಿಸಿಲು

ಬಾಟಲಿ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಬೆಂಕಿಭಾವ ಎಂದೇ ಕರೆಯುತ್ತಿದ್ದರು. ಕುಲುಮೆಯ ಬಾಯಿಗೆ ನಿಂತು ಕೊಳವೆಯ ತುದಿಯಲ್ಲಿ ಕೆಂಡದಂಥ ಗಾಜಿನ ಮುದ್ದೆ ಎತ್ತುವುದು ಅವನ ಕೆಲಸ. ಉಳಿದವರು ಗಳಿಗೆಗೊಮ್ಮೆ ಹೊರಗೋಡಿ ತಲೆಗೆ ನೀರು ಸುರಿದುಕೊಳ್ಳುತ್ತಿದ್ದರೆ ಇವನು ಮಾತ್ರ ಅತ್ತೆಮನೆಗೆ ಬಂದ ಅಳಿಯನ ಹಾಗೆ ಆರಾಮಾಗಿ ನಿಂತಿರುತ್ತಿದ್ದ. ಸೆಕೆ ಎಂದರೆ ಅವನಿಗೆ ಸುಖ. ಹೆಂಡತಿಯೂ ಅದೇ ಪೈಕಿ. ಅವಳು ಹೊಲಿಗೆಯವಳು, ಬಿಸಿಲು ಎತ್ತ ಬೀಳುತ್ತದೋ ಆ ಕಿಟಕಿಗೇ ಯಂತ್ರ ಎಳೆದುಕೊಂಡು ಕೂರುತ್ತಿದ್ದಳು. ಮಕ್ಕಳಿಲ್ಲದ ಹದಿನೆಂಟು ವರ್ಷದ ಸಂಸಾರದಲ್ಲಿ ಬೇಕಾದಷ್ಟಕ್ಕೆ ಜಗಳವಾಗಿತ್ತು, ಫ್ಯಾನಿನ ವಿಷಯಕ್ಕೆ ಮಾತ್ರ ಒಮ್ಮೆಯೂ ಆಗಿರಲಿಲ್ಲ.

ಒಂದು ಮಧ್ಯಾಹ್ನ ಗಿರಾಕಿಯೊಬ್ಬಳ ತೋಳಿನ ಅಳತೆ ತೆಗೆಯಲು ಎದ್ದವಳು ಅಲ್ಲೇ ಕುಸಿದಳು. ಕಣ್ಣಿಗೆ ಮಬ್ಬು ಕವಿದಿತ್ತು, ಕಾಲು ಒದ್ದೆ ಬಟ್ಟೆಯಾಗಿತ್ತು. ಸಂಜೆ ತಂಗಾಳಿ ಬೀಸಿದಾಗ ಏನೂ ಆಗದವಳಂತೆ ಎದ್ದು ಒಲೆ ಹಚ್ಚಿದಳು. ಮರುದಿನ ಮತ್ತೆ ಅದೇ. ಮೂರು ತಿಂಗಳು ಆಸ್ಪತ್ರೆ ಅಲೆದ ಮೇಲೆ ನರದ ಡಾಕ್ಟರು ಬಿಡಿಸಿ ಹೇಳಿದರು.

"ನರದ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದಿದೆ. ಮೈ ಬಿಸಿ ಆದ್ರೆ ತಲೆ ಹೇಳಿದ್ದು ಕಾಲಿಗೆ ತಲುಪಲ್ಲ, ತಣ್ಣಗಿದ್ರೆ ತಲುಪುತ್ತೆ. ಮಾತ್ರೆ ಕೊಡ್ತೀನಿ. ಆದ್ರೆ ನಿಮ್ಮೂರಿನ ಹವೆಗೆ ನನ್ನ ಹತ್ರ ಮಾತ್ರೆ ಇಲ್ಲ."

"ಬಿಸಿಲು ಅಂದ್ರೆ ಇವಳಿಗೆ ಪ್ರಾಣ ಡಾಕ್ಟ್ರೇ," ಎಂದ ಅವನು, ಅದರಿಂದ ಏನಾದರೂ ರಿಯಾಯಿತಿ ಸಿಗಬಹುದು ಎಂಬಂತೆ.

"ಇರಬಹುದು. ನರಕ್ಕೆ ಅದು ಗೊತ್ತಾಗಬೇಕಲ್ಲಪ್ಪ."

ಮಲಗುವ ಕೋಣೆಗೆ ತಂಪು ಯಂತ್ರ ಹಾಕಿಸಿದ. ಎಂಟು ತಿಂಗಳು ಅವಳು ಆ ಕೋಣೆ ಬಿಟ್ಟು ಕದಲಲಿಲ್ಲ. "ನಾನೇನು ಟೊಮೇಟೊನಾ, ಕೆಡದೇ ಇರ್ಲಿ ಅಂತ ಒಳಗಿಡೋಕೆ?" ಎಂದು ನಗುತ್ತಿದ್ದಳು. ಒಂದು ದಿನ ಅವನು ಪಾಳಿ ಮುಗಿಸಿ ಬಂದಾಗ ಕರೆಂಟು ಇರಲಿಲ್ಲ. ಬಚ್ಚಲ ಹೊಸ್ತಿಲಲ್ಲಿ ಬೋರಲು ಬಿದ್ದಿದ್ದಳು. ನಲ್ಲಿಗೆ ಒಂದೇ ಮಾರು ಬಾಕಿ. ಬೆಳಗ್ಗೆ ಹತ್ತರಿಂದ ಆ ಒಂದು ಮಾರನ್ನು ದಾಟಲು ಅವಳಿಂದ ಆಗಿರಲಿಲ್ಲ.

ಬೆಟ್ಟದ ಮೇಲಿನ ಚಳಿ ಊರಲ್ಲಿ ಅವಳ ಅಕ್ಕ ಇದ್ದಳು. ಅಕ್ಕನ ಗಂಡನದು ಕಿಟಕಿ ಗಾಜಿನ ಅಂಗಡಿ. "ಗಾಜು ಗೊತ್ತಿರೋ ಷಡ್ಡಕ ಸಿಗೋದೇ ಪುಣ್ಯ, ಬಂದ್ಬಿಡಿ," ಎಂದು ಆತ ಫೋನಿನಲ್ಲೇ ಕೆಲಸ ಕೊಟ್ಟ. ಬೆಂಕಿಭಾವ ಕುಲುಮೆಗೆ ಬೆನ್ನು ಹಾಕಿದ.

ಅಲ್ಲಿ ಅವಳು ಊರಿಕೊಂಡು ಬಂದಿದ್ದ ಕೋಲನ್ನು ಹತ್ತೇ ದಿನಕ್ಕೆ ಬಿಟ್ಟಳು. ತಿಂಗಳಿಗೆ ಅಂಗಡಿಬೀದಿಯ ಏರು ಹತ್ತಿ ಬಂದಳು. ಆದರೆ ಖುಷಿ ಅಂತ ಕಾಣಲಿಲ್ಲ. ಬೂದು ಆಕಾಶ, ಒಣಗದ ಬಟ್ಟೆ, ಮೂಗಿನ ತುದಿಯಲ್ಲಿ ಸದಾ ಒಂದು ತಣ್ಣನೆ ಹನಿ. "ಹೇಗಿದೆ ನಮ್ಮೂರು? ಇಷ್ಟ ಆಯ್ತಾ?" ಎಂದು ಪಕ್ಕದ ಮನೆಯವಳು ಕೇಳಿದ್ದಕ್ಕೆ ಹೇಳಿದಳು: "ನನಗಿಷ್ಟ ಬಿಸಿಲು, ನನ್ನ ಕಾಲಿಗಿಷ್ಟ ಚಳಿ. ಕಾಲಿನ ಮಾತೇ ನಡೀತಿದೆ."

ಮೊದಲ ಚಳಿಗಾಲದಲ್ಲೇ ಅವನ ಬೆರಳುಗಳು ಮೇಣದಬತ್ತಿಯ ಹಾಗೆ ಬಿಳಿಚಿಕೊಳ್ಳತೊಡಗಿದ್ದವು. ಗಾಜು ಕೊಯ್ಯುವಾಗ ಕಟ್ಟರ್ ಎಲ್ಲಿದೆ, ಬೆರಳು ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಎರಡು ಸಲ ರಕ್ತ ಕಂಡ ಮೇಲೇ ಗೊತ್ತಾಯಿತು, ಗಾಯವಾಗಿದೆ ಎಂದು. ಷಡ್ಡಕ ಬೈಯಲಿಲ್ಲ, ಅಡ್ಡಡ್ಡ ಕೊಯ್ದು ಕೆಟ್ಟ ಗಾಜುಗಳನ್ನು ಸುಮ್ಮನೆ ಅಂಗಡಿಯ ಹಿಂದೆ ಒಟ್ಟುತ್ತಿದ್ದ. ಅಲ್ಲಿನ ಡಾಕ್ಟರು ಕೈ ಹಿಡಿದು ನೋಡಿ, ಚಳಿಗೆ ರಕ್ತನಾಳ ಮುಚ್ಚಿಕೊಳ್ಳುತ್ತಿದೆ, ಹೀಗೇ ಬಿಟ್ಟರೆ ತುದಿ ಕೊಳೆಯಬಹುದು, ಬೆಚ್ಚಗಿನ ಊರಿಗೆ ಹೋಗಿ ಎಂದರು. ಅವನಿಗೆ ನಗು ಬಂತು. ಡಾಕ್ಟರಿಗೆ ಅದು ಅರ್ಥವಾಗಲಿಲ್ಲ.

ಹೆಂಡತಿಗೆ ತಿಳಿದದ್ದು ಅಂಗಿಯ ಗುಂಡಿಯಿಂದ. ಒಂದು ಬೆಳಗ್ಗೆ ಅವನು ಕನ್ನಡಿಯೆದುರು ಒಂದೇ ಗುಂಡಿಯೊಂದಿಗೆ ಹೆಣಗುತ್ತಿದ್ದ. ಅವಳು ಬಂದು ಹಾಕಿಕೊಟ್ಟಳು. ಕೈ ಮುಟ್ಟಿದವಳು ಬಿಡಲಿಲ್ಲ.

"ಎಷ್ಟು ದಿನದಿಂದ?"

"ಬಂದಾಗಿಂದ."

"ಮತ್ತೆ ಬಾಯಿಗೇನಾಗಿತ್ತು?"

"ನೀನು ನಡೀತಿದ್ದೆ," ಎಂದ ಅವನು.

ಅವಳು ಅವನ ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ತುಂಬ ಹೊತ್ತು ನಿಂತಳು.

ನಡುವಿನದೊಂದು ಊರು ಇರಲೇಬೇಕು ಎಂಬುದು ಅವಳ ಹಟ. ಬೆಟ್ಟದ ಅರ್ಧಕ್ಕಿದ್ದ ಊರಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರು. ಅದು ಇಬ್ಬರಿಗೂ ಅರ್ಧರ್ಧ ಕೆಟ್ಟದ್ದಾಗಿತ್ತು. ಬೆಳಗ್ಗೆ ಅವನಿಗೆ ಲೋಟ ಹಿಡಿಯಲಾಗುತ್ತಿರಲಿಲ್ಲ, ಮಧ್ಯಾಹ್ನ ಅವಳಿಗೆ ಏಳಲಾಗುತ್ತಿರಲಿಲ್ಲ. ಬೆಳಗಿನ ಟೀಯನ್ನು ಅವಳು ಅವನಿಗೆ ಕುಡಿಸುತ್ತಿದ್ದಳು, ಮಧ್ಯಾಹ್ನ ಅವನು ಅವಳನ್ನು ಎತ್ತಿ ಮಲಗಿಸುತ್ತಿದ್ದ. "ಇಬ್ಬರನ್ನೂ ಸೇರ್ಸಿದ್ರೆ ಒಂದು ಪೂರ್ತಿ ಮನುಷ್ಯ ಆಗ್ತೀವಿ ಕಣ್ರೀ," ಎಂದು ಅವಳು ನಗಲು ನೋಡಿದಳು. ಇಪ್ಪತ್ತೆರಡನೆಯ ದಿನ ಮೆಟ್ಟಿಲಲ್ಲಿ ಅವಳನ್ನು ಎತ್ತಿಕೊಂಡು ಬರುವಾಗ ಅವನ ಹಿಡಿತ ಜಾರಿತು. ಇಬ್ಬರೂ ಉರುಳಿದರು. ಮೂಳೆ ಮುರಿಯಲಿಲ್ಲ. ಆದರೆ ಕೆಳಗಿನ ಮೆಟ್ಟಿಲ ಮೇಲೆ ಒರಗಿ ಕೂತಿದ್ದಾಗ ಅವಳೇ ಹೇಳಿದಳು: "ಸಾಕು. ನೀವು ಕೆಳಗೆ ಹೋಗಿ. ನಾನು ಅಕ್ಕನ ಹತ್ರ ಹೋಗ್ತೀನಿ."

"ಗಂಡ ಹೆಂಡತಿ ಅಂತ ಇದ್ದು?"

"ಯಾರ ಮೇಲಾದ್ರೂ ಸಿಟ್ಟು ಮಾಡ್ಕೊಳ್ಳೋಣ ಅಂದ್ರೆ ಯಾರೂ ಸಿಕ್ತಿಲ್ಲ," ಎಂದಳು. ಅವನಿಗೂ ಯಾರೂ ಸಿಗಲಿಲ್ಲ.

ಅವಳನ್ನು ಮೇಲೆ ಅಕ್ಕನ ಮನೆಗೆ ಬಿಟ್ಟು ಒಂದು ವಾರ ಇದ್ದು ಅವನು ಹೊರಟ. ಬಸ್ಸು ಕದಲಿದಾಗ, ನಿಲ್ದಾಣದ ಕಂಬದ ಹತ್ತಿರ ನಿಂತಿದ್ದವಳು ಇದ್ದಕ್ಕಿದ್ದಂತೆ ಓಡತೊಡಗಿದಳು. ಸೆರಗು ಸಿಕ್ಕಿಸಿಕೊಂಡು ಬಸ್ಸಿನ ಪಕ್ಕದಲ್ಲೇ ಓಡುತ್ತ ಏನೋ ಕೂಗುತ್ತಿದ್ದಳು. ಅವನು ಗಾಜು ಸರಿಸಲು ನೋಡಿದ. ಬೆರಳು ಚಿಲಕ ಹಿಡಿಯಲಿಲ್ಲ. ಮೊಣಕೈಯಿಂದ ತಳ್ಳಿದ. ಪಕ್ಕದವನು, "ಚಳಿ ಸ್ವಾಮಿ, ತೆಗೀಬೇಡಿ," ಎಂದ. ಅಷ್ಟರಲ್ಲಿ ತಿರುವು ಬಂತು.

ಕಾರ್ಖಾನೆಯವರು ಮತ್ತೆ ಕುಲುಮೆಗೇ ಹಾಕಿಕೊಂಡರು. ಮೂರನೆಯ ದಿನಕ್ಕೆ ಬೆರಳಿಗೆ ಬಣ್ಣ ಬಂತು. ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ರಜೆ ಹಾಕಿ ಮೇಲೆ ಹೋಗಿಬರುವುದು ಎಂದಾಯಿತು. ಕೈಗವಸು ಹಾಕಿಕೊಂಡರೆ ನಾಲ್ಕು ದಿನ ಬೆರಳು ತಡೆಯುತ್ತದೆ.

ಮೊದಲ ವಾರ ಫೋನಿನಲ್ಲಿ ಕೇಳಿದ: "ಅವತ್ತು ಏನೋ ಕೂಗಿದ್ಯಲ್ಲ, ಏನದು?"

"ಏನಿಲ್ಲ. ಓಡ್ತಿದ್ದೀನಿ, ನೋಡಿ ಅಂದೆ."

"ನೋಡ್ದೆ."

ಪಾಳಿಯ ಗಂಟೆ ಹೊಡೆಯಿತು. ಫೋನು ಇಟ್ಟು ಅವನು ಒಳಗೆ ಹೋದ.