ದೂರದವರಿಗೆ ಮಾತ್ರ

“ಯಾರಾದ್ರೂ ಕೇಳಿದ್ರೆ ಅಪ್ಪನೂ ಬೆಳಗಾವೀಲೇ ಇರೋದು ಅಂತ ಹೇಳ್ಬೇಕು. ತಿಳೀತಾ?”

ಆಟೊ ನಾಲೆಯ ಏರಿ ಹತ್ತುತ್ತಿತ್ತು. ಚಿನ್ನು ಅಪ್ಪನತ್ತ ಕಣ್ಣರಳಿಸಿದಳು. “ಸುಳ್ಳ ಹೇಳಬೇಕೇನು?”

ರವೀಂದ್ರನಿಗೆ ಆ ರಾಗ ಚುಚ್ಚಿತು. ಎರಡು ವರ್ಷದ ಹಿಂದೆ ಇದೇ ಹುಡುಗಿ ‘ಬುಡಪ್ಪ, ಓಗಪ್ಪ’ ಎನ್ನುತ್ತಿದ್ದಳು. ಈಗ ಎಂಟು ತುಂಬಿದೆ, ಮಾತು ಬೇರೆ ಊರಿನದಾಗಿದೆ. ತನ್ನ ಮಗಳ ಮಾತನ್ನು ಬೇರೆ ಯಾರೋ ಕಲಿಸಿದ್ದಾರೆ ಎನ್ನಿಸಿ ಅಸೂಯೆಯಾಯಿತು.

“ಇಷ್ಟೆಲ್ಲ ಯಾಕೆ?” ಎಂದಳು ಹೆಂಡತಿ ರಂಜಿತ, ಕಬ್ಬಿನ ಗದ್ದೆ ನೋಡುತ್ತಲೇ. “ಹಗಲು ಆಡಿಸ್ಕೊಂಡು ಸಂಜೆ ಮೈಸೂರಿಗೆ ಹೋಗಬಹುದಿತ್ತು.”

“ಬುಕ್ ಆಗೋಗಿದೆ.”

“ಸರಿ.”

ಅವಳು ಬೆಳಗಾವಿಗೆ ಹೋದದ್ದು ತಾನಾಗಿ ಕೇಳಿ ಪಡೆದ ವರ್ಗಾವಣೆಯ ಮೇಲೆ. ನಾಳೆ ಮೈಸೂರಿನಲ್ಲಿ ಅವಳ ಅಕ್ಕನ ಮಗಳ ಮದುವೆ. ಅದಕ್ಕೆ ಮುಂಚಿನ ಒಂದು ರಾತ್ರಿಯನ್ನು ರವೀಂದ್ರ ಫೋನಿನಲ್ಲಿ ಗೋಗರೆದು ಪಡೆದಿದ್ದ. ಪಾಂಡವಪುರದ ಅವನ ಮನೆಗೆ ಮಾತ್ರ ಕಾಲಿಡುವುದಿಲ್ಲ ಎಂದಿದ್ದಳು. ಎಲ್ಲಾದರೂ ಸರಿ, ಮಗು ಮಲಗಿದ ಮೇಲೆ ಎದುರಿಗೆ ಕೂತು ‘ವಾಪಸ್ ಬಾ’ ಎಂದು ಕೇಳಬೇಕಿತ್ತು ಅವನಿಗೆ. ಫೋನಿನಲ್ಲಿ ಕೇಳಲಾಗಿರಲಿಲ್ಲ. ಫೋನಿಗೆ ಕಟ್ಟಾಗುವ ಅನುಕೂಲವಿತ್ತು.

ಶ್ರೀರಂಗಪಟ್ಟಣದ ಆಚೆ ಹೊಸದಾಗಿ ಎದ್ದಿದ್ದ ಈ ನೀರಾಟದ ಪಾರ್ಕಿನಲ್ಲಿ ರಾತ್ರಿ ಉಳಿಯಲು ಟೆಂಟುಗಳಿದ್ದವು. ಬೆಲೆ ಕೇಳಿದರೆ ರಂಜಿತ ಅದನ್ನೇ ನೆಪ ಮಾಡಿ ತಪ್ಪಿಸಿಕೊಳ್ಳುತ್ತಾಳೆ. ಖರ್ಚಿನಲ್ಲಿ ಅರ್ಧ ತನ್ನದೇ ಎಂದು ಹಟ ಹಿಡಿಯುವವಳು. ನಾಗಮಂಗಲದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ರವೀಂದ್ರ ಸ್ಟಾಫ್ ರೂಮಿನಲ್ಲಿ ಕೂತು ಮೊಬೈಲು ತಡಕಾಡಿ, ಕೊನೆಗೊಂದು ರಿಯಾಯಿತಿ ಹಿಡಿದಿದ್ದ. ಮುನ್ನೂರು ಕಿಲೋಮೀಟರಿಗೂ ಆಚೆಯಿಂದ ಬಂದವರಿಗೆ ಟೆಂಟು ಅರ್ಧ ಬೆಲೆಗೆ. ಆದರೆ ಸುತ್ತಲ ತಾಲ್ಲೂಕಿನವರು ಆ ಟೆಂಟಿನಲ್ಲಿ ರಾತ್ರಿ ಇರುವಂತಿಲ್ಲ. ವಿಳಾಸದ ಪುರಾವೆ ಒಬ್ಬರದು ತೋರಿಸಿದರೆ ಸಾಕಿತ್ತು. ಬೇಲಿಯಲ್ಲಿ ಸಂದು ಸಿಕ್ಕಿದಷ್ಟು ಖುಷಿಯಾಗಿತ್ತು ಅವನಿಗೆ.

ಕೌಂಟರಿನ ಹುಡುಗಿ ರಂಜಿತಳ ಕಾರ್ಡು ನೋಡಿ, ಚಿನ್ನುವಿನ ಕೈಗೆ ಪಟ್ಟಿ ಕಟ್ಟುತ್ತ, “ಅಪ್ಪ ಅಮ್ಮನ ಜೊತೆ ಅಷ್ಟು ದೂರದಿಂದ ಬಂದ್ಯಾ ಪುಟ್ಟಿ?” ಎಂದಳು.

“ಹೌದ್ರೀ. ನಮ್ಮಪ್ಪನೂ ಅಲ್ಲೇ ಇರ್ತಾನ. ದಿನಾ ನನ್ನ ಸಾಲಿಗೆ ಬಿಡ್ತಾನ್ರೀ.”

ಶಾಲೆಗೆ ಬಿಡುವ ಮಾತನ್ನು ಅವನು ಹೇಳಿಕೊಟ್ಟಿರಲಿಲ್ಲ. ರಂಜಿತ ಚೀಲದಲ್ಲಿ ಏನನ್ನೋ ಹುಡುಕತೊಡಗಿದಳು.

ಆ ಸುಳ್ಳು ರವೀಂದ್ರನ ತಲೆಗೇರಿತು. ಇಡೀ ಹಗಲು ಅದರೊಳಗೇ ಹಾಯಾಗಿದ್ದ. ಅಮ್ಮ ಮಗಳು ಅಲೆಯ ಕೊಳದಲ್ಲಿ ಕಿರುಚುವಾಗ ಅವರ ಚಪ್ಪಲಿ, ಟವೆಲು ಕಾಯುತ್ತ ಕೂತ. ಪಕ್ಕದವನೊಬ್ಬ ಮಾತಿಗೆ ಸಿಕ್ಕಾಗ, ಕೇಳದಿದ್ದರೂ, “ನಾವು ಬೆಳಗಾವಿಯಿಂದ” ಎಂದ. ಅಲ್ಲಿನ ಮಳೆ, ಚಳಿ ಎಲ್ಲ ವರ್ಣಿಸಿದ. ಅವನು ಬೆಳಗಾವಿಗೆ ಒಮ್ಮೆಯೂ ಹೋಗಿರಲಿಲ್ಲ. ಅವಳು ಕರೆಯಲಿ ಎಂದು ಕಾದಿದ್ದ. ಕರೆಯದೆ ಹೋಗುವುದು ಮರ್ಯಾದೆಗೆ ಕಡಿಮೆ ಎಂದುಕೊಂಡಿದ್ದ.

ಸಂಜೆ ಪಾರ್ಕು ಮುಚ್ಚಿತು. ಟೆಂಟುಗಳ ಕಡೆಗೆ ಬೇರೆ ಗೇಟು. ಚಿನ್ನು ಒದ್ದೆ ಕೂದಲು ಹಾರಿಸುತ್ತ ಮುಂದೆ ಓಡಿ ಒಳಗೆ ಸೇರಿಕೊಂಡಳು. ಗೇಟಿನ ಬಳಿ ಸ್ಟೂಲಿನ ಮೇಲಿದ್ದ ಕಾವಲಿನವನು, ಐವತ್ತರ ಆಸುಪಾಸಿನವನು, ಎದ್ದು ನಿಂತ. ಅಂಗಿಯ ಮೇಲೆ ನಾಗರಾಜು ಎಂದು ಹೊಲಿದಿತ್ತು. ಊರಿನ ಮುಖ ಗುರುತು ಹಿಡಿಯಲೆಂದೇ ಅವನನ್ನು ಅಲ್ಲಿ ಕೂರಿಸಿದ್ದರು.

“ಯಾವೂರು ಸಾ?”

“ಬೆಳಗಾವಿ.”

“ಮಕ ನೋಡುದ್ರೆ ನಮ್ ಕಡೆಯೋರಂಗೆ ಕಾಣ್ತೀರಿ.” ನಾಗರಾಜು ತಲೆ ಓರೆ ಮಾಡಿ ನೋಡಿದ. “ಅರಕೆರೆ ಕೆಂಪಣ್ಣೋರು ಅಂತ ಇದ್ರು. ಅದೇ ಮೂಗು, ಅದೇ ನಿಲುವು. ದ್ಯಾವ್ರಂತ ಮನ್ಸ. ಅವ್ರು ತೀರ್ಕಂಡಾಗ ನಾನೂ ಮಣ್ಣಿಗೆ ಓಗಿದ್ದೆ. ನಿಮ್ಗೇನಾದ್ರೂ ಆಗ್ಬೇಕಾ?”

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಒಂದೇ ಪದ. ರವೀಂದ್ರ ಬಾಯಿ ತೆರೆದ. ಯಾರ ಮಗ ಎಂದು ಕೇಳಿದರೆ ತಲೆ ಎತ್ತಿ ಹೇಳಬೇಕೆಂದು ಬೆಳೆಸಿದ ಊರು ಅದು. ಮಣ್ಣಿಗೆ ಬಂದಿದ್ದವನ ಎದುರಲ್ಲಿ ಅಪ್ಪನನ್ನು ಇಲ್ಲವೆನ್ನಲು ನಾಲಗೆ ಹೊರಳಲಿಲ್ಲ.

“ನಮ್ಮಪ್ಪ,” ಎಂದ.

“ಅಯ್ಯೋ! ನೋಡುದ್ರಾ, ನಾನ್ ಯೋಳ್ನಿಲ್ವಾ!” ನಾಗರಾಜು ಅವನ ಎರಡೂ ಕೈ ಹಿಡಿದುಕೊಂಡ. “ಅಂಗಾರೆ ನೀವು ನಮ್ಮೋರೇ ಆದ್ರಿ ಕಣಣ್ಣ.” ನಗು ಹಾಗೇ ಇಳಿಯಿತು. “ಊರೋರ್ನ ರಾತ್ರಿ ಒಳೀಕೆ ಬುಡೋ ಅಂಗಿಲ್ವಲ್ಲಣ್ಣ. ದೂರದೋರ್ಗೆ ಮಾತ್ರ.”

ನಾಗರಾಜುವೇ ದಾರಿ ಹುಡುಕಿದ. “ಒಂದ್ ಕೆಲ್ಸ ಮಾಡಿ ಅತ್ಗೆಮ್ಮ. ಗಂಡ ಎಂಡ್ತಿ ಇಬ್ರೂ ಒಟ್ಗೇ ಬೆಳಗಾವೀಲಿರೋದು ಅಂತ ನೀವು ಒಂದ್ ಮಾತು ಅಂದ್ಬುಡಿ. ನಾನೂ ಊಂ ಅಂದ್ಬುಡ್ತೀನಿ. ಮುಗೀತು.”

ರವೀಂದ್ರ ಅವಳ ಮುಖ ನೋಡಿದ. ರಾತ್ರಿ ಕೇಳಬೇಕೆಂದಿದ್ದ ಪ್ರಶ್ನೆಯನ್ನು ಯಾರೋ ಕಾವಲಿನವನು ನಿಂತ ಕಾಲಲ್ಲೇ ಕೇಳಿಬಿಟ್ಟಿದ್ದ.

ರಂಜಿತ ಟವೆಲನ್ನು ಮಡಿಸಿದಳು. ಮತ್ತೊಮ್ಮೆ ಮಡಿಸಿದಳು.

“ಇವರು ಇಲ್ಲಿಯೋರೇ,” ಎಂದಳು. “ಬೆಳಗಾವಿ ನೋಡೇ ಇಲ್ಲ.”

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಅವನಿಗೆ. ಕೋಪವಿದ್ದ ಕಡೆ ಮಾತಿಗೆ ಜಾಗವಿರುತ್ತದೆ. ಅವನು ಗೇಟಿನ ಕಂಬಿ ಹಿಡಿದುಕೊಂಡ.

“ಅಪ್ಪಾ, ಲಗೂ ಬಾ! ಒಳಗ ಲೈಟ್ ಅದ!” ಚಿನ್ನು ಎಲ್ಲಿಂದಲೋ ಕೂಗಿದಳು.

“ಬಂದೆ,” ಎಂದ ರವೀಂದ್ರ.

ರಂಜಿತ ಒಳಗೆ ಹೋದಳು. ನಾಗರಾಜು ಸ್ಟೂಲನ್ನು ಅವನ ಕಡೆ ಸರಿಸಿ, “ಕಾಪಿ ಗೀಪಿ ಕುಡೀತೀರಾ ಅಣ್ಣ?” ಎಂದ. ಅವನು ಬೇಡವೆಂದು ರಸ್ತೆಗೆ ಬಂದ.

ಕತ್ತಲಾಗುತ್ತಿತ್ತು. ತಂತಿ ಬೇಲಿಯ ಆಚೆ ಟೆಂಟುಗಳು ಒಂದೊಂದಾಗಿ ಹೊತ್ತಿಕೊಂಡವು. ಎಲ್ಲ ಒಂದೇ ಅಳತೆ, ಒಂದೇ ಬಣ್ಣ. ಒಳಗಿನ ಬೆಳಕಿಗೆ ಬಟ್ಟೆಯ ಮೇಲೆ ನೆರಳುಗಳು ಓಡಾಡುತ್ತಿದ್ದವು. ಯಾವುದು ತನ್ನದು? ಬೇಲಿಯ ಉದ್ದಕ್ಕೂ ನಡೆಯುತ್ತ ಹುಡುಕಿದ. ಒಂದರಲ್ಲಿ ಹೆಂಗಸಿನ ನೆರಳು ಬಾಗಿ ಪುಟ್ಟ ತಲೆಯೊಂದನ್ನು ಒರೆಸುತ್ತಿತ್ತು. ಅವರೇ. ಪುಟ್ಟ ನೆರಳು ಕೈ ಎತ್ತಿ ಬೀಸಿತು. ರವೀಂದ್ರನ ಕಣ್ಣು ತುಂಬಿತು. ಅವನೂ ಕೈಯನ್ನು ಪೂರ್ತಿ ಎತ್ತಿ ಬೀಸಿದ.

ಆಗ ಮೂರನೆಯ ನೆರಳೊಂದು, ದೊಡ್ಡದು, ಎದ್ದು ಬಂದು ಮಗುವನ್ನು ಎತ್ತಿಕೊಂಡಿತು. ಅವರಲ್ಲ, ಬೇರೆ ಯಾರದೋ ಸಂಸಾರ.

ಬೆನ್ನ ಹಿಂದೆ ಬ್ರೇಕು ಕಿರ್ರೆಂದಿತು. ಎತ್ತಿದ ಕೈ ನೋಡಿ ಬಸ್ಸು ನಿಂತಿತ್ತು. ಕಂಡಕ್ಟರು ಬಾಗಿಲಿನಿಂದ ಜೋತು ಬಿದ್ದು ಕೂಗಿದ.

“ಬನ್ನಿ ಬನ್ನಿ ಬೇಗ. ಎಲ್ಲಿಗೆ?”

ಬಸ್ಸಿನೊಳಗಿನ ಮುಖಗಳೆಲ್ಲ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದವು. ರವೀಂದ್ರನ ಕೈ ಇನ್ನೂ ಮೇಲೆಯೇ ಇತ್ತು.

“ಎಲ್ಲಿಗೆ ಸಾರ್?”