ಬಾಲ ಕಚ್ಚಿದ ರೈಲು

ಒಂದೂರಿನಲ್ಲಿ ಒಂದು ಹಾವಿತ್ತಂತೆ. ಲೋಕವೆಲ್ಲ ಸುತ್ತಿ ತನ್ನ ಹುತ್ತಕ್ಕೆ ಮರಳಿದಾಗ ಬಾಗಿಲಲ್ಲಿ ಯಾರದೋ ಬಾಲ ಕಂಡಿತಂತೆ. ಹಗೆಯದೆಂದು ಕಚ್ಚಿತು. ಬಾಲ ಅದರದೇ. ಅಜ್ಜಿ ಈ ಕತೆ ಹೇಳಿದಾಗಲೆಲ್ಲ ನನಗೆ ನಮ್ಮ ನಡುಮನೆಯ ಆಟದ ರೈಲು ನೆನಪಾಗುತ್ತಿತ್ತು.

ಅದನ್ನು ಕಟ್ಟಿದವರು ತಾತ. ಮಂಚದಗಲದ ಹಲಗೆಯ ಮೇಲೊಂದು ಪುಟ್ಟ ನಿಲ್ದಾಣ, ಅಲ್ಲಿಂದ ಹೊರಟ ಒಂದೇ ದಾರಿ, ಕೊನೆಯಲ್ಲಿ ಅದು ಕುಣಿಕೆಯಂತೆ ಬಳಸಿ ತನ್ನನ್ನೇ ಬಂದು ಸೇರುತ್ತಿತ್ತು. ತಾತ ಹೋದ ಮೇಲೆ ರೈಲು ಕುಣಿಕೆಯನ್ನೇನೋ ಸುತ್ತುತ್ತಿತ್ತು. ಮನೆಗೆ, ಅಂದರೆ ನಿಲ್ದಾಣದ ಕಡೆಗೆ, ದಾರಿ ಬದಲಿಸುವ ಪಾಯಿಂಟ್ ತಿರುಗಿಸಿದೊಡನೆ ಚಟ್ಟೆಂದು ಕಿಡಿ ಹಾರಿ ಎಂಜಿನ್ನಿನ ದೀಪ ಆರಿಹೋಗುತ್ತಿತ್ತು. "ಒಂದೇ ಒಂದು ಸಲ ಅದು ಮನೆಗೆ ಬರೋ ಸದ್ದು ಕೇಳಿಸೇ," ಎಂದಿದ್ದಳು ಕಣ್ಣು ಮಂಜಾಗಿದ್ದ ಅಜ್ಜಿ. ನಾನು ಮಾತು ಕೊಟ್ಟಿದ್ದೆ.

ದೊಡ್ಡಪ್ಪನಿಗೆ ಇದು ಕಂಡರಾಗದು. ಮೂವತ್ತು ವರ್ಷ ನಿಜವಾದ ಹಳಿ ರಿಪೇರಿಯ ಗ್ಯಾಂಗಿಗೆ ಮೇಸ್ತ್ರಿಯಾಗಿದ್ದವರು, ತಾತನ ಸಾವಿಗೆ ಬಂದು ಮನೆಯಲ್ಲೇ ಉಳಿದಿದ್ದರು.

"ಕತೆ ಕೇಳ್ಕೊಂಡು ಬೆಳೆದೋಳಿಗೆ ಹಳಿ ಅಂದ್ರೇನು ಗೊತ್ತು? ವೈರೆಲ್ಲ ಕೆಡಿಸಿಟ್ಟಿದೀಯ. ಭಾನುವಾರಕ್ಕೆ ಓಡ್ಲಿಲ್ವೋ, ಹಲಗೆ ಸೀಳಿ ಹಂಡೆ ಒಲೆಗೆ ಹಾಕ್ತೀನಿ."

"ಹಾಕಿ. ಮುರಿಯೋದು ಬಿಟ್ಟು ನಿಮಗೆ ಬೇರೇನು ಬರುತ್ತೆ?"

"ಮುರಿಯೋದಾ? ನನ್ನ ಸರಹದ್ದಿನಲ್ಲಿ ಒಂದು ಹಳೀನೂ ಬಿರುಕು ಬಿಟ್ಟಿದ್ದಿಲ್ಲ, ತಿಳ್ಕೋ!"

ಒಂದೊಂದು ವೈರನ್ನೂ ಬಿಚ್ಚಿ ಕಟ್ಟಿದೆ. ಅವರು ಬೆನ್ನ ಹಿಂದೆ ನಿಂತು ಲೊಚಗುಟ್ಟಿದರು, ನನ್ನ ಸ್ಕ್ರೂಡ್ರೈವರ್ ಬಚ್ಚಿಟ್ಟರು. ನಾನು ಒಳಗಿನಿಂದ ಚಿಲಕ ಹಾಕಿಕೊಂಡೆ.

ಭಾನುವಾರ ಮಧ್ಯಾಹ್ನ ಚಿಲಕ ತೆಗೆದಾಗ ದೊಡ್ಡಪ್ಪ ಕೊಡಲಿ ತಂದು ಗೋಡೆಗೊರಗಿಸಿ ನಿಂತರು. ಕೊನೆಯ ಸಲ ಹಳಿಯನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಕುಣಿಕೆಯ ಬಾಯಲ್ಲಿ ಬಟ್ಟೆ ಸಿಕ್ಕಿಕೊಂಡಿತು. ಕೊಳೆಯಡಿಯಲ್ಲಿ ಬೆಸುಗೆಯದೊಂದು ಗುಳ್ಳೆ. ಹುಡುಕಿದರೆ ಒಟ್ಟು ನಾಲ್ಕು, ಕುಣಿಕೆಯ ಎರಡೂ ತುದಿಗೆ ಎರಡೆರಡು. ಉಗುರಿನಿಂದ ಕೆರೆದಾಗ ಕೆಳಗೆ ಗರಗಸದ ನೇರ ಗೆರೆ ಕಂಡಿತು. ಮುರಿದದ್ದಲ್ಲ, ಕೊಯ್ದದ್ದು. ಆಗ ಹಾವಿನ ಕತೆ ಹೊಳೆಯಿತು: ಎರಡು ಹಳಿಗಳಲ್ಲಿ ಕರೆಂಟಿನ ಎರಡು ತುದಿ; ಸುತ್ತಿ ಬಂದ ಎಡಹಳಿ ಬಲಹಳಿಯನ್ನು ಮುಟ್ಟುತ್ತದೆ. ನಡುವೆ ಕಡಿತವಿಲ್ಲದಿದ್ದರೆ ಕರೆಂಟು ತನ್ನನ್ನೇ ಕಚ್ಚಿಕೊಳ್ಳುತ್ತದೆ. ಹಲಗೆಯ ಕೆಳಗೆ ಯಾತಕ್ಕೆಂದು ಯಾರಿಗೂ ತಿಳಿಯದಿದ್ದ ಸ್ವಿಚ್ಚು, ಕರೆಂಟಿನ ದಿಕ್ಕು ಬದಲಿಸಲು ತಾತ ಇಟ್ಟದ್ದು.

"ಈ ಬೆಸುಗೆ ಯಾರು ಹಾಕಿದ್ದು?"

ದೊಡ್ಡಪ್ಪ ಬಗ್ಗಿ ನೋಡಿದರು. "ನಾನೇ. ಅಪ್ಪ ಹೋದ ವಾರ. ತುಂಡಾದ ಹಳಿ ನೋಡ್ಕೊಂಡು ಸುಮ್ನಿರೋಕಾಗುತ್ತಾ?"

"ತಾತ ಬೇಕೂಂತ ಕುಯ್ದಿದ್ದು. ಮುಚ್ಚಿದೋರು ನೀವು, ಬೈಸಿಕೊಂಡೋಳು ನಾನು!"

"ಶಿವನಂಜ," ಕುರ್ಚಿಯಿಂದ ಅಜ್ಜಿ ಕೂಗಿದಳು, "ನಿಮ್ಮಪ್ಪನ ಕೆಲಸಾನೇ ತಿದ್ದೋಕೆ ಹೋಗಿದ್ಯೇನೋ?"

ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ನಾನು ಗರಗಸಕ್ಕೆ ಕೈಹಾಕಿದರೆ ಕಸಿದುಕೊಂಡರು. "ಬಿಡು. ಹಲಗೇನೂ ಕುಯ್ದಿಡ್ತೀಯ."

ನಾಲ್ಕೂ ಕಡೆ ಹಲ್ಲು ಕಚ್ಚಿ ಕೊಯ್ದರು. ನನ್ನತ್ತ ನೋಡಲಿಲ್ಲ.

ಎಂಜಿನ್ ಹೊರಟು ಕುಣಿಕೆ ಹೊಕ್ಕಿತು. ಅದು ಒಳಗಿರುವಾಗಲೇ ನಾನು ತಾತನ ಸ್ವಿಚ್ ಒತ್ತಿದೆ. ದೊಡ್ಡಪ್ಪ ಪಾಯಿಂಟ್ ತಿರುಗಿಸಿದರು. ಕಿಡಿ ಹಾರಲಿಲ್ಲ. ಕಡಿತದ ಮೇಲೆ ಚಕ್ರಗಳು ಟಿಕ್, ಟಿಕ್ ಎಂದವು. ಆ ಸದ್ದಿಗೆ ಅಜ್ಜಿಯ ತೋರುಬೆರಳು ‘ಕೇಳಿ’ ಎನ್ನುವಂತೆ ಮೇಲೆದ್ದಿತು. ಪುಟ್ಟ ದೀಪ ನಮ್ಮತ್ತ ಬಂದು, ನಿಲ್ದಾಣದಲ್ಲಿ ನಿಂತ ಮೇಲಷ್ಟೇ ಆ ಬೆರಳು ಮೆಲ್ಲಗೆ ಕೆಳಗಿಳಿಯಿತು.