ಐದು ನಿಮಿಷದ ಬೆಂಚು

“ಕೈ ಕೊಡಕ್ಕಾ,” ಎಂದ ಕಂಪೌಂಡರ್ ತಂಗದೊರೆ, ತಲೆ ಎತ್ತದೆ.

ಮುತ್ತುರಾಕು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. “ಕೊಡಲ್ಲ.”

ಸಾಲಿನಲ್ಲಿದ್ದ ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು. ವಾಲ್ಪಾರೆ ಬೆಟ್ಟದ ಆ ಟೀ ತೋಟದಲ್ಲಿ ಆಸ್ಪತ್ರೆ ಇರುವುದು ಗುಡ್ಡದ ನೆತ್ತಿಯಲ್ಲಿ. ಕಟ್ಟಿಸಿದ ಪುಣ್ಯಾತ್ಮನಿಗೆ ಜನ್ಮದಲ್ಲಿ ಕಾಯಿಲೆ ಬಂದಿರಲಿಕ್ಕಿಲ್ಲ. ಬೆಳಗಿನ ಎಲೆ ತೂಕಕ್ಕೆ ಹಾಕಿ, ನೂರಾ ಹನ್ನೆರಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದವರನ್ನು ನಿಂತಲ್ಲೇ ಹಿಡಿದು, ಸೀರೆಯ ಮೇಲೆ ತೊಟ್ಟ ಗಂಡಸರ ಅಂಗಿಯನ್ನೂ ಬಿಚ್ಚಿಸದೆ, ತಂಗದೊರೆ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದ. ನೂರ ಅರವತ್ತು ದಾಟಿದರೆ ಹೆಸರಿನ ಮುಂದೆ ಕೆಂಪು ಗೀಟು. ಗೀಟು ಬಿದ್ದವಳಿಗೆ ಎಲೆ ಕೀಳುವ ಕೆಲಸವಿಲ್ಲ, ಕೆಲಸ ಹೋದವಳಿಗೆ ತೋಟದವರು ಕೊಟ್ಟ ಲೈನುಮನೆಯೂ ಇಲ್ಲ. ಹೋದ ವಾರ ಪೇಚಿಯಮ್ಮನಿಗೆ ಬಿದ್ದಿತ್ತು. ಇಪ್ಪತ್ತೆಂಟು ವರ್ಷ ಮುತ್ತುರಾಕುವಿನ ಪಕ್ಕದಲ್ಲೇ ಎಲೆ ಕಿತ್ತವಳು ಈಗ ಪಾತ್ರೆಪಗಡಿ ಮೂಟೆ ಕಟ್ಟುತ್ತಿದ್ದಳು. ಇವತ್ತು ಮುತ್ತುರಾಕುವೇ ಅವಳನ್ನು ಎಳೆದು ತಂದು ಬಾಗಿಲ ಬಳಿ ನಿಲ್ಲಿಸಿದ್ದಳು.

“ಏನಕ್ಕಾ ಇದು? ಇನ್ನೂ ಮೂವತ್ತು ಜನ ಇದಾರೆ.”

“ಇರ್ಲಿ. ಗೋಡೆ ಮೇಲಿನ ಆ ಚಿತ್ರ ಅಂಟಿಸಿದ್ದು ಯಾರು?”

ಅಂಟಿಸಿದವನು ಅವನೇ; ಬಿಪಿ ನೋಡುವ ಮೊದಲು ಹೇಗೆ ಕೂರಿಸಬೇಕೆಂದು ತೋರಿಸುವ ಚಿತ್ರ. ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೂರಿ, ತೋಳನ್ನು ಮೇಜಿನ ಮೇಲಿಟ್ಟು ಕುಳಿತ ಹೆಂಗಸು; ಪಕ್ಕದಲ್ಲೊಂದು ಗಡಿಯಾರ, ಅದರಲ್ಲಿ ಐದು ನಿಮಿಷಕ್ಕೆ ಕೆಂಪು ಬಣ್ಣ. ಮುತ್ತುರಾಕುವಿಗೆ ಅಕ್ಷರ ಬಾರದು. ಆದರೆ ಆರು ವರ್ಷ ಈ ಸಾಲಿನಲ್ಲಿ ನಿಂತು ಆ ಹೆಂಗಸನ್ನೇ ನೋಡಿದ್ದಳು, ಹೊಟ್ಟೆ ಉರಿದುಕೊಂಡು.

“ಆಯಮ್ಮ ಹೆಂಗೆ ಕೂತವ್ಳೆ ನೋಡು. ಮೆಟ್ಲು ಹತ್ತಿ ಬಂದು ನಿಂತವ್ಳಾ?”

“ಅಯ್ಯೋ, ಅದು ಬರೀ ಚಿತ್ರ ಅಕ್ಕಾ.”

“ಹಂಗಾದ್ರೆ ಹರಿದು ಬಿಸಾಕು.”

ಮುತ್ತುರಾಕು ಅವನ ಮುಂದಿದ್ದ ರಿಜಿಸ್ಟರಿನ ಮೇಲೆ ಬಗ್ಗಿದಳು. ತೂಕದ ಚೀಟಿ ನೋಡಿ ನೋಡಿ ಅಂಕಿ ಮಾತ್ರ ಚೆನ್ನಾಗಿ ಬರುತ್ತಿತ್ತು.

“ಇದು ಉಸಿರಿನ ಲೆಕ್ಕ ಅಲ್ವಾ? ಎಲ್ಲಾರ್ಗೂ ಹದಿನೆಂಟು! ನಂಗೂ ಆಗ್ಲೇ ಬರ್ದಿಟ್ಟಿದೀಯ. ನಾನಿನ್ನೂ ಉಸಿರೇ ಬಿಟ್ಟಿಲ್ವಲ್ಲೋ ತಮ್ಮಾ!”

ಸಾಲಿನಲ್ಲಿ ನಗು ಹರಿಯಿತು. ತಂಗದೊರೆಯ ಕಿವಿ ಕೆಂಪಾಯಿತು.

“ಏನೇ ಅಲ್ಲಿ ಹರಟೆ? ಕೆಲಸದ ಸೈರನ್ ಆಗೋ ಹೊತ್ತು!” ಹೊರಗಿನಿಂದ ಮೇಸ್ತ್ರಿ ಗದರಿದ.

ಮುತ್ತುರಾಕು ಬೆಂಚನ್ನು ಗೋಡೆಗುಂಟ ಮೇಜಿನ ಪಕ್ಕಕ್ಕೆ ಎಳೆದಳು. ಅಂಗಿ ಬಿಚ್ಚಿ ಮಡಿಚಿಟ್ಟು, ಗೋಡೆಗೆ ಒರಗಿ ಕುಳಿತಳು. “ಗಡಿಯಾರ ನೋಡ್ಕೋ.”

ಕೂರುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲಿ ಕೂತ್ಕೋ ಎಂದು ಯಾರೂ ಅಂದವರಲ್ಲ. ಬೆರಳುಗಳು ಮೊಣಕಾಲ ಮೇಲೆ ಇನ್ನೂ ಎಲೆ ಚಿವುಟುತ್ತಿದ್ದವು. ಭಯವೂ ಇತ್ತು: ಕೂತ ಮೇಲೂ ಗೀಟೇ ಬಿದ್ದರೆ? ಬಿದ್ದರೆ ಬೀಳಲಿ, ಅದಾದರೂ ನನ್ನದೇ ಆಗಿರಲಿ ಅಂದುಕೊಂಡಳು. ನಿಧಾನವಾಗಿ ಬೆರಳುಗಳು ನಿಂತವು.

ತಂಗದೊರೆ ಬರಿತೋಳಿಗೆ ಪಟ್ಟಿ ಸುತ್ತಿದ. ನೂರ ನಲವತ್ತಾರು. ನಾಡಿ ಹಿಡಿದ. ಆಮೇಲೆ, ಯಾರೂ ಹೇಳದೆಯೇ, ಅವಳ ಎದೆಯ ಏರಿಳಿತ ನೋಡುತ್ತ ಒಂದು ನಿಮಿಷ ಪೂರ್ತಿ ಎಣಿಸಿದ. ಹದಿನೆಂಟನ್ನು ಹೊಡೆದು ಇಪ್ಪತ್ತೊಂದು ಎಂದು ಬರೆದ.

“ಈಗ ಪೇಚಿಯಮ್ಮ,” ಎಂದಳು ಮುತ್ತುರಾಕು.

“ಅವರದು ಹೋದ ವಾರವೇ ಬರೆದಾಯ್ತಲ್ಲಕ್ಕಾ.”

“ನಿಲ್ಸಿ ಬರ್ದಿದ್ದು ಅದು. ಬಾರೇ, ಕೂತ್ಕೋ. ಬೆನ್ನು ಆನಿಸು, ಯಾರಪ್ಪನ ಗೋಡೆಯೂ ಅಲ್ಲ.”

ಪೇಚಿಯಮ್ಮ ಬೆಂಚಿನ ತುದಿಯಲ್ಲಿ ಕುಳಿತಳು, ಆಮೇಲೆ ಒರಗಿದಳು. ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಅಂಗಿ ಬಿಚ್ಚಿ, ಗೋಡೆಯುದ್ದಕ್ಕೂ ನೆಲದ ಮೇಲೆ ಕುಳಿತರು.

ಕೆಳಗೆ ಫ್ಯಾಕ್ಟರಿಯ ಸೈರನ್ ಕೂಗಿತು. ಮೇಸ್ತ್ರಿ ಬಾಗಿಲಿಗೆ ಬಂದು, “ಏಳ್ರೇ! ಕಿವುಡಾ?” ಎಂದು ಕಿರುಚಿದ.

ಒಬ್ಬಳೂ ಏಳಲಿಲ್ಲ.

“ಇನ್ನೂ ಮೂರು ನಿಮಿಷ ಇದೆ,” ಎಂದ ತಂಗದೊರೆ, ಗಡಿಯಾರದಿಂದ ಕಣ್ಣು ತೆಗೆಯದೆ.

ಮೇಜಿನ ಮೇಲೆ ಪೇಚಿಯಮ್ಮನ ಕೈ ಅಂಗಾತ ಬಿದ್ದಿತ್ತು. ಟೀ ಕರೆ ಹತ್ತಿ ಕಪ್ಪಾದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು.